ಹೊರಗೆ ಕೂತವರ ಕಛೇರಿ

ಯುಗಾದಿಯ ಬೇವುಬೆಲ್ಲ ತಿಂದ ದಿನದಿಂದಲೇ ನಮ್ಮ ಕಡೆಯ ರಾಮಮಂದಿರಗಳು ಕಳೆಗಟ್ಟುತ್ತವೆ. ಚಿತ್ರದುರ್ಗವಾಗಲಿ ಹಿರಿಯೂರಾಗಲಿ, ಹೊಸದುರ್ಗವಾಗಲಿ ಹೊಳಲ್ಕೆರೆಯಾಗಲಿ, ಪಾಡ್ಯದಿಂದ ನವಮಿಯವರೆಗೆ ಗರ್ಭ ರಾಮೋತ್ಸವ, ನವಮಿಯಿಂದ ಮುಂದಕ್ಕೆ ಜನನ ರಾಮೋತ್ಸವ. ಸಂಜೆಯಾದರೆ ಭಜನೆ, ಹರಿಕಥೆ, ಯಾರಾದರೂ ಮೇಷ್ಟ್ರ ಹಾರ್ಮೋನಿಯಂ. ಕೊನೆಗೆ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ಬಿಸಿಲಿಗೆ ಬೆಂದ ನೆಲದಲ್ಲಿ ಚೈತ್ರವೆಂದರೆ ಹಾಡಿನ ಕಾಲ ಎಂಬುದು ನಮಗೆ ಯಾರೂ ಹೇಳಿಕೊಡದೆ ತಿಳಿದದ್ದು.

ಹೊಳಲ್ಕೆರೆಯ ನನ್ನ ಸೋದರಮಾವನ ಮನೆಯಲ್ಲಿ ಮಾತ್ರ ಚೈತ್ರಕ್ಕೆ ಇನ್ನೊಂದು ಅರ್ಥವಿತ್ತು. ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ಪೆಂಡಾಲು ಎದ್ದಿರುತ್ತಿತ್ತು. ಮಾವ ಆಫೀಸಿಗೆ ರಜೆ ಬರೆದುಕೊಟ್ಟು ಹೊರಡುತ್ತಿದ್ದರು. 1970ರ ದಶಕದ ನಡುವಿನಿಂದ, ಬೇಸಿಗೆ ರಜೆಯಲ್ಲಿ ನಾನೂ ಅವರ ಜೊತೆ.

ಆಗಿನ್ನೂ ಮೀಟರ್ ಗೇಜಿನ ರೈಲು. ಮಾವ ಚಿಕ್ಕಜಾಜೂರಿನಲ್ಲಿ ಹತ್ತಿ ಕಿಟಕಿ ಪಕ್ಕದ ಜಾಗದಲ್ಲಿ ಟವೆಲ್ ಹಾಸಿ ಇಟ್ಟಿರುತ್ತಿದ್ದರು. ನಮ್ಮೂರು ಹೊಸದುರ್ಗಕ್ಕೂ ಹೊಸದುರ್ಗ ರೋಡ್ ನಿಲ್ದಾಣಕ್ಕೂ ದೂರ ಬಹಳ. ಅಪ್ಪ ಬಸ್ಸಿನಲ್ಲಿ ಕರೆತಂದು ಪ್ಲಾಟ್‌ಫಾರಂ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಗಾಡಿ ಬಂದಾಗ ಕಿಟಕಿಯಿಂದ ಮಾವನ ಕೈ ಆಡುತ್ತಿತ್ತು. ಅಜ್ಜಂಪುರ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು. ಊರುಗಳು ಒಂದೊಂದಾಗಿ ಹಿಂದೆ ಸರಿಯುವಾಗ ಮಾವ ಆ ವರ್ಷದ ಕಾರ್ಯಕ್ರಮ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರಿಗೆ ಪಕ್ಕವಾದ್ಯ ಯಾರದು, ಯಾರ ಪಲ್ಲವಿ ಹೇಗೆ ಎಂದು ವಿವರಿಸುತ್ತಿದ್ದರು. ಅರ್ಧಕ್ಕರ್ಧ ನನಗೆ ತಿಳಿಯುತ್ತಿರಲಿಲ್ಲ. ಆದರೆ ದೊಡ್ಡವರೊಬ್ಬರು ಇಷ್ಟು ಸಂತೋಷವಾಗಿರುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಅತ್ತೆ ಕಟ್ಟಿಕೊಟ್ಟ ಬುತ್ತಿ ಅರಸೀಕೆರೆಯಲ್ಲಿ ಬಿಚ್ಚಿಕೊಳ್ಳುತ್ತಿತ್ತು: ಬುತ್ತಿಯನ್ನ, ಚಟ್ನಿಪುಡಿ, ಒಂದು ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ.

ಆ ಉತ್ಸವ 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಆರಂಭಿಸಿದ್ದು. ರಾಮನವಮಿಗೆ ನಾಲ್ಕು ಜನ ಸೇರಿ ಹಾಡಿಸುವ ಪದ್ಧತಿ ಎಲ್ಲ ಊರಿನಲ್ಲೂ ಇತ್ತು. ಅದನ್ನು ತಿಂಗಳಿಗೂ ಮೀರಿ ನಡೆಯುವ, ದೇಶದ ಹೆಸರಾಂತ ಗಾಯಕರೆಲ್ಲ ಬಂದು ಹಾಡುವ ಸಂಗೀತೋತ್ಸವವಾಗಿ ಬೆಳೆಸಿದ್ದು ಅವರ ಸಾಧನೆ. ಎಂ.ಎಸ್. ಸುಬ್ಬುಲಕ್ಷ್ಮಿ, ಚೆಂಬೈ ವೈದ್ಯನಾಥ ಭಾಗವತರು, ಮೈಸೂರು ಚೌಡಯ್ಯ ಬಂದ ವೇದಿಕೆಗೆ ಹಿಂದೂಸ್ತಾನಿಯ ಭೀಮಸೇನ ಜೋಶಿಯವರೂ ಬಂದರು. ತಂಪು ಹವೆಯ ಸಭಾಂಗಣವಲ್ಲ ಅದು. ಶಾಲೆಯ ಬಯಲು, ಬಯಲಿಗೊಂದು ಚಪ್ಪರ, ಚಪ್ಪರದ ಕೆಳಗೆ ಸಾಲು ಕುರ್ಚಿ, ಮುಂದೆ ವೇದಿಕೆ. ಹಗಲಿನ ಧಗೆ ಇನ್ನೂ ನೆಲದಿಂದ ಏಳುತ್ತಿರುವಾಗ ತಂಬೂರಿಯ ಶ್ರುತಿ ಕೂಡುತ್ತಿತ್ತು.

ನಮ್ಮ ಮಾವನ ಸಂಬಳಕ್ಕೆ ಇಡೀ ಉತ್ಸವದ ಟಿಕೆಟ್ ನಿಲುಕುವಂಥದ್ದಲ್ಲ. ಬಹಳ ಬೇಕೆನಿಸಿದ ಕಛೇರಿಗೆ ಟಿಕೆಟ್ ಕೊಳ್ಳುತ್ತಿದ್ದರು, ಉಳಿದ ದಿನ ಹೊರಗೆ. ಹೊರಗೆ ಎಂದರೆ ರಸ್ತೆಯ ಅಂಚು. ಅಲ್ಲಿ ಪೇಪರ್ ಹಾಸಿ ಕೂತವರು, ಸೈಕಲ್ಲಿನ ಕ್ಯಾರಿಯರ್ ಮೇಲೆ ಒರಗಿದವರು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ಹೆಂಗಸರು, ಡ್ಯೂಟಿ ಮುಗಿಸಿ ಯೂನಿಫಾರಮ್ಮಿನಲ್ಲೇ ಬಂದ ಬಸ್ ಕಂಡಕ್ಟರ್. ವಿದ್ವಾಂಸರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಅವರ ಕೇಳುವಿಕೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆಲಾಪನೆ ಶುರುವಾಗಿ ನಾಲ್ಕು ಸಂಗತಿ ಬರುವಷ್ಟರಲ್ಲಿ ಯಾರೋ ಮೆಲ್ಲಗೆ ರಾಗದ ಹೆಸರು ಹೇಳುತ್ತಿದ್ದರು. ಪಕ್ಕದವರು ತಲೆಯಾಡಿಸುತ್ತಿದ್ದರು. ತನಿ ಆವರ್ತನ ಬಂದಾಗ ಮೃದಂಗಕ್ಕೂ ಘಟಕ್ಕೂ ನಡೆಯುವ ಮಾತುಕತೆಯನ್ನು ಕಣ್ಣಿಲ್ಲದೆಯೇ ಹಿಂಬಾಲಿಸಿ, ಮುಕ್ತಾಯಕ್ಕೆ ಇಡೀ ರಸ್ತೆ ಒಟ್ಟಿಗೆ ಸಮಕ್ಕೆ ಬಂದು ನಿಲ್ಲುತ್ತಿತ್ತು. ತೊಡೆಯ ಮೇಲೆ ತಾಳ ಹಾಕುವುದನ್ನು ನಾನು ಕಲಿತದ್ದು ಆ ರಸ್ತೆಯ ಮೇಲೆ. ಬೆರಳು ಮಡಿಸಿ ಎಣಿಸುವುದನ್ನು ತೋರಿಸಿಕೊಟ್ಟವರು ಹೂವು ಮಾರುವ ಒಬ್ಬ ಅಜ್ಜಿ.

ಒಂದು ಸಂಜೆ ಭರಣಿ ಮಳೆ ಹೊಡೆಯಿತು. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಸೀಮೆಯಿಂದ ಹೋದ ನಮಗೆ ಮಳೆಯೆಂದರೆ ಮೊದಲು ಸಂತೋಷ, ಆಮೇಲೆ ಉಳಿದದ್ದು. ಗಾಳಿಗೆ ಚಪ್ಪರದ ಬಟ್ಟೆ ಪಟಪಟ ಬಡಿದುಕೊಂಡಿತು, ದೀಪ ಹೋಯಿತು, ಮೈಕ್ ನಿಂತಿತು. ಗೇಟಿನ ಹತ್ತಿರವಿದ್ದ ಸ್ವಯಂಸೇವಕರೊಬ್ಬರು ರಸ್ತೆಯಲ್ಲಿ ನೆನೆಯುತ್ತಿದ್ದವರತ್ತ ಕೈಬೀಸಿ, "ಒಳಗೆ ಬನ್ನಿ, ಒಳಗೆ ಬನ್ನಿ, ಮಕ್ಕಳನ್ನ ಮುಂದೆ ಕಳಿಸಿ" ಎಂದು ಕೂಗಿದರು. ಟಿಕೆಟ್ ಇದ್ದವರೂ ಇಲ್ಲದವರೂ ವೇದಿಕೆಯ ಹತ್ತಿರಕ್ಕೆ ಒತ್ತಿಕೊಂಡು ಕೂತೆವು. ಕತ್ತಲಲ್ಲಿ ವಿದ್ವಾಂಸರು ಮೈಕಿಲ್ಲದೆ ಹಾಡು ಮುಂದುವರಿಸಿದರು. ಅಷ್ಟು ಜನ, ಅಷ್ಟು ಮಳೆ, ಒಬ್ಬರೂ ಉಸಿರೆತ್ತಲಿಲ್ಲ. ಆ ಉತ್ಸವ ಯಾರಿಗಾಗಿ ನಡೆಯುತ್ತದೆ ಎಂಬುದು ನನಗೆ ಅವತ್ತೇ ಮನಸ್ಸಿಗೆ ಬಂದು ಕೂತಿತು.

ಆದರೆ ಆ ಮಳೆಯಲ್ಲೂ ಒಳಗೆ ಬರಲಾಗದೆ ಉಳಿದವರು ಒಬ್ಬರಿದ್ದರು. ಮಾವನ ಹೆಂಡತಿ, ನನ್ನ ಅತ್ತೆ. ಅವರು ಒಮ್ಮೆಯೂ ಬೆಂಗಳೂರಿಗೆ ಕಛೇರಿ ಕೇಳಲು ಹೋದವರಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅವರ ಅತ್ತೆ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಎರಡು ಹೊತ್ತಿನ ಹಾಲಿಗೆ ಬರುವ ವರ್ತನೆಯವರು. ಸಂಗೀತ ಮಾವನಿಗಿಂತ ಅತ್ತೆಗೇ ಚೆನ್ನಾಗಿ ಬರುತ್ತಿತ್ತು. ತವರಿನಲ್ಲಿ ಒಬ್ಬ ಮೇಷ್ಟ್ರ ಹತ್ತಿರ ವರ್ಣದವರೆಗೆ ಕಲಿತವರು. ದೇವರನಾಮ ಹೇಳಿದರೆ ಬಯಲು ಗಣಪತಿ ಗುಡಿಗೆ ಹೊರಟವರು ಅವರ ಮನೆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು.

ಮಾವ ಅದನ್ನು ಬಲ್ಲರು. ಅದಕ್ಕೇ ಅವರು ಪ್ರತಿ ಕಛೇರಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಎಡಗಡೆ ಕೃತಿ, ನಡುವೆ ರಾಗ ತಾಳ, ಬಲಗಡೆ ತಮಗೆ ತೋಚಿದ್ದು: "ಇಲ್ಲಿ ಮೇಲಿನ ಷಡ್ಜದಲ್ಲಿ ಬಹಳ ಹೊತ್ತು ನಿಂತರು", "ಪಿಟೀಲು ಇವತ್ತು ಮನಸ್ಸಿಟ್ಟು ಅನುಸರಿಸಿತು", "ನೆರವಲ್ ಎರಡು ಕಾಲದಲ್ಲಿ". ಹೊಳಲ್ಕೆರೆಗೆ ಮರಳಿದ ರಾತ್ರಿ ಊಟವಾದ ಮೇಲೆ ಅತ್ತೆ ಸೊಪ್ಪು ಬಿಡಿಸುತ್ತಲೋ ಕಾಳು ಆರಿಸುತ್ತಲೋ ನಡುಮನೆಯಲ್ಲಿ ಕೂತರೆ, ಮಾವ ನೋಟ್‌ಬುಕ್ ತೆರೆದು ಮೊದಲಿನಿಂದ ಹೇಳುತ್ತಿದ್ದರು. ಬರೀ ಹೇಳುವುದಲ್ಲ, ತಮ್ಮ ಒಡಕು ಗಂಟಲಿನಲ್ಲೇ ಹಾಡಿ ತೋರಿಸುತ್ತಿದ್ದರು.

"ಅಂದ್ರೆ, ಅದು ಹಾಗಿರಲಿಕ್ಕಿಲ್ಲ, ಈ ರಾಗದಲ್ಲಿ ಆ ಸ್ವರ ಹಾಗೆ ಬರೋದಿಲ್ಲ" ಎಂದು ಅತ್ತೆ ನಡುವೆ ತಡೆಯುತ್ತಿದ್ದರು.

"ಹಾಗಾದರೆ ನೀನೇ ಹೇಳು, ಹೇಗೆ ಬಂದಿರಬೇಕು?"

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಹಾಡುತ್ತಿದ್ದರು. ಮಾವ ಕಣ್ಣರಳಿಸಿ, "ಹೌದು ಕಣೇ, ಹೀಗೇ ಹಾಡಿದ್ದು, ಹೀಗೇ" ಎನ್ನುತ್ತಿದ್ದರು. ಕೋಟೆ ಮೈದಾನದ ಕಛೇರಿ ಎರಡನೆಯ ಸಲ ನಡೆಯುತ್ತಿದ್ದದ್ದು ಆ ನಡುಮನೆಯಲ್ಲಿ. ಮೊದಲನೆಯದನ್ನು ಕಿವಿಯಾರೆ ಕೇಳಿ ಬಂದಿದ್ದ ನನಗೆ ಎರಡನೆಯದೇ ಇನ್ನೂ ಚೆನ್ನಾಗಿ ನೆನಪಿದೆ.

ಅತ್ತೆಗೆ ಇನ್ನೊಂದು ಆಸರೆ ರೇಡಿಯೋ. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಿ ಬರಬೇಕಾಗಿದ್ದ ಕಾಲ. ನಮ್ಮ ಕಡೆಗೆ ಭದ್ರಾವತಿ ಕೇಂದ್ರ ಚೆನ್ನಾಗಿ ಹಿಡಿಯುತ್ತಿತ್ತು. ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ಆಕಾಶವಾಣಿ 1952ರಲ್ಲಿ ಆರಂಭಿಸಿತು. ಎರಡು ವರ್ಷದ ನಂತರ ಆಕಾಶವಾಣಿ ಸಂಗೀತ ಸಮ್ಮೇಳನ ಬಂತು. ಅರಮನೆಯ ದರ್ಬಾರು, ಸಿರಿವಂತರ ಮನೆ, ಪಟ್ಟಣದ ಸಭೆ ಇವುಗಳ ಒಳಗಿದ್ದ ಸಂಗೀತವನ್ನು ಆ ಎರಡು ಕಾರ್ಯಕ್ರಮಗಳು ಕೊಟ್ಟಿಗೆಯ ಪಕ್ಕದ ನಡುಮನೆಗೂ ತಂದವು. ಶನಿವಾರ ಅತ್ತೆ ಅಡುಗೆಮನೆಯನ್ನು ಬೇಗ ಮುಗಿಸುತ್ತಿದ್ದರು. ಗುಡುಗಿದರೆ ರೇಡಿಯೋ ಕರಕರ ಎನ್ನುತ್ತಿತ್ತು. ಸ್ವರ ಮುಳುಗಿ ಮುಳುಗಿ ಏಳುತ್ತಿತ್ತು. ಮುಳುಗಿದ ಕಡೆ ಏನು ಬಂದಿರಬೇಕು ಎಂದು ಅತ್ತೆ ತಾವೇ ತುಂಬಿಕೊಂಡು ಗುನುಗುತ್ತಿದ್ದರು. ಕೇಳುವುದೂ ಒಂದು ದುಡಿಮೆ ಎಂಬುದನ್ನು ನಾನು ಕಂಡದ್ದು ಅವರಲ್ಲಿ.

ನಮ್ಮ ಜಿಲ್ಲೆಗೆ ಸಂಗೀತದ ಹೆಸರು ತಂದುಕೊಟ್ಟದ್ದು ಒಂದು ಪುಸ್ತಕ, ಒಂದು ಸಿನಿಮಾ. ತ.ರಾ. ಸುಬ್ಬರಾಯರ 'ಹಂಸಗೀತೆ' ಅಚ್ಚಾದದ್ದು 1952ರಲ್ಲಿ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅದರ ಆಧಾರದ ಮೇಲೆ 1956ರಲ್ಲಿ 'ಬಸಂತ್ ಬಹಾರ್' ಹಿಂದಿಯಲ್ಲಿ ಬಂತು. ಅದರಲ್ಲಿ ಮನ್ನಾ ಡೇ ಜೊತೆ ಹಾಡಿದವರು ಗದಗಿನ ಭೀಮಸೇನ ಜೋಶಿ. 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ 'ಹಂಸಗೀತೆ' ತೆಗೆದರು. ಅನಂತ್ ನಾಗ್ ಅಭಿನಯ, ಎಂ. ಬಾಲಮುರಳಿಕೃಷ್ಣ ಅವರ ಕಂಠ. ಆ ಹಾಡುಗಾರಿಕೆಗೆ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರದುರ್ಗದ ಟಾಕೀಸಿನಲ್ಲಿ ನಾವು ಆ ಸಿನಿಮಾ ನೋಡಿದೆವು. ಆಮೇಲೆ ಬಂದ ಒಂದು ಬೇಸಿಗೆಯಲ್ಲಿ ಕೋಟೆ ಹೈಸ್ಕೂಲಿನ ಹೊರಗೆ ಕೂತು ಅದೇ ಬಾಲಮುರಳಿಯವರ ದನಿ ಕೇಳಿದಾಗ ಮಾವ ನನ್ನ ಕಿವಿಯಲ್ಲಿ, "ನಮ್ಮ ದುರ್ಗದವರ ಕಥೆಗೆ ಪ್ರಾಣ ಕೊಟ್ಟ ಗಂಟಲು ಕಣಮ್ಮ" ಎಂದರು. ಏಳು ಸುತ್ತಿನ ಕೋಟೆಯನ್ನು ಎಲ್ಲರೂ ಮದಕರಿ ನಾಯಕನ ಹೆಸರಿನಿಂದ ಗುರುತಿಸುತ್ತಾರೆ, ಗುರುತಿಸಬೇಕಾದದ್ದೇ. ಆ ಕಲ್ಲುಗಳ ನಡುವೆ ಹಾಡಿದವನೊಬ್ಬನನ್ನೂ ತ.ರಾ.ಸು. ಕೂರಿಸಿಹೋದರು. ಅರಸನ ಮುಂದೆ ತಲೆಬಾಗದ ಗಾಯಕನನ್ನು ಕಥಾನಾಯಕನನ್ನಾಗಿ ಮಾಡಿದ ಊರಿನವಳು ನಾನು ಎಂಬ ಹೆಮ್ಮೆ ಅವತ್ತಿನಿಂದ ನನ್ನದು.

ನಾನು ಓದಿ ಮುಗಿಸಿ ಹಿರಿಯೂರಿನ ಹೈಸ್ಕೂಲೊಂದರಲ್ಲಿ ಮೇಡಂ ಆದೆ. ಅಲ್ಲಿಂದ ಬೆಂಗಳೂರಿಗೆ ಹೆದ್ದಾರಿ ನೇರ. ಶಿರಾ, ತುಮಕೂರು ದಾಟಿದರೆ ಆಯಿತು. ಏಪ್ರಿಲ್‌ನಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಮುಗಿದ ಕೂಡಲೇ ಬಸ್ ಹತ್ತುತ್ತಿದ್ದೆ. ಆರ್.ಕೆ. ಶ್ರೀಕಂಠನ್ ಅವರು ಇಳಿವಯಸ್ಸಿನಲ್ಲೂ ಕುಗ್ಗದ ದನಿಯಲ್ಲಿ ಹಾಡಿದ್ದು, ಕದ್ರಿ ಗೋಪಾಲನಾಥ್ ಅವರು ಬ್ಯಾಂಡಿನ ಸ್ಯಾಕ್ಸೋಫೋನಿನಿಂದ ಗಮಕಗಳನ್ನು ಹೊರಡಿಸಿದ್ದು, ಯು. ಶ್ರೀನಿವಾಸ್ ಅವರ ಪುಟ್ಟ ಮ್ಯಾಂಡೊಲಿನ್ನಿನ ಝರಿ, ಯೇಸುದಾಸ್ ಹಾಡುವ ದಿನ ಕಾಲಿಡಲು ಜಾಗವಿಲ್ಲದ ಜನ, ಇವೆಲ್ಲ ಆ ವರ್ಷಗಳ ಗಳಿಕೆ. ಮಾವ ಹೋದ ಮೇಲೆ ನೋಟ್‌ಬುಕ್ ನನ್ನ ಕೈಗೆ ಬಂತು. ಅತ್ತೆ ಹೊಸದುರ್ಗದ ನಮ್ಮ ಮನೆಗೆ ಬಂದರು. ಬರೆದು ತಂದದ್ದನ್ನು ಓದಿ ಹೇಳುವ ಕೆಲಸವೂ ನನ್ನದಾಯಿತು.

ಹಿರಿಯೂರಿನಲ್ಲಿದ್ದವರಿಗೆ ವಾಣಿವಿಲಾಸ ಸಾಗರದ ಮಾತು ಬಾರದೆ ದಿನ ಕಳೆಯುವುದಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅದು. ಅಲ್ಲಿಗೆ ಬರುವ ವೇದಾವತಿ ಹುಟ್ಟುವುದು ಬಾಬಾಬುಡನ್ ಗಿರಿಯ ಸೀಮೆಯಲ್ಲಿ. ಮಳೆ ಸುರಿಯುವುದು ಚಿಕ್ಕಮಗಳೂರಿನ ಬೆಟ್ಟದ ಮೇಲೆ, ಅಡಿಕೆ ತೆಂಗು ಬದುಕುವುದು ಹಿರಿಯೂರಿನ ಬಯಲಿನಲ್ಲಿ. ಚಾಮರಾಜಪೇಟೆಯಲ್ಲಿ ಹಾಡಿದ್ದು ಹೊಳಲ್ಕೆರೆಯ ನಡುಮನೆಯಲ್ಲಿ ಚಿಗುರಿದ್ದನ್ನು ನೆನೆದಾಗ ನನಗೆ ಆ ನೀರೇ ಕಣ್ಣ ಮುಂದೆ ಬರುತ್ತದೆ. ಎಲ್ಲಿಯೋ ಬಿದ್ದ ಮಳೆ ನಮ್ಮದಾಗಲು ನಡುವೆ ಯಾರಾದರೂ ಕಟ್ಟೆ ಕಟ್ಟಬೇಕು. ಮಾವನ ನೋಟ್‌ಬುಕ್ಕು, ಭದ್ರಾವತಿಯ ರೇಡಿಯೋ, ಅತ್ತೆಯ ನೆನಪು ನಮ್ಮ ಪಾಲಿಗೆ ಆ ಕೆಲಸ ಮಾಡಿದವು.

2020ರ ಮಾರ್ಚ್ 25, ಯುಗಾದಿ. ಅವತ್ತೇ ದೇಶವೆಲ್ಲ ಬಾಗಿಲು ಹಾಕಿತು. ರಾಮಮಂದಿರದ ಮೈಕೂ ಇಲ್ಲ, ಪಾನಕವೂ ಇಲ್ಲ. ಆ ಬೇಸಿಗೆಯಲ್ಲಿ ಕಲಾವಿದರು ತಮ್ಮ ತಮ್ಮ ಮನೆಯ ಕೋಣೆಗಳಲ್ಲಿ ಕೂತು ಮೊಬೈಲಿನ ಮುಂದೆ ಹಾಡತೊಡಗಿದರು. ಚಪ್ಪಾಳೆಯಿಲ್ಲದ, ಕೆಲವೊಮ್ಮೆ ಪಕ್ಕವಾದ್ಯವೂ ಇಲ್ಲದ ಹಾಡು. ಆಗ ಎಂಬತ್ತರ ಹತ್ತಿರವಿದ್ದ ಅತ್ತೆಗೆ ಮೊಬೈಲಿನ ಪರದೆ ಚಿಕ್ಕದಾಗುತ್ತದೆಂದು ನನ್ನ ಮಗ ಅದನ್ನು ಟಿವಿಗೆ ಜೋಡಿಸಿಕೊಟ್ಟ. ಮರುವರ್ಷಗಳಲ್ಲಿ ಹಬ್ಬಗಳ ಕಛೇರಿಗಳು ನೇರ ಪ್ರಸಾರದಲ್ಲಿ ಬರುವುದು ರೂಢಿಯಾಯಿತು. ಚಪ್ಪರ ಮತ್ತೆ ಎದ್ದ ಮೇಲೂ ಆ ದಾರಿ ಮುಚ್ಚಲಿಲ್ಲ.

ರಾಮನವಮಿಯ ಕಛೇರಿಯನ್ನು ಅತ್ತೆ ಮೊದಲ ಸಲ ಟಿವಿಯಲ್ಲಿ ಕಂಡ ಸಂಜೆ ದೇವರ ದೀಪ ಹಚ್ಚಿ, ಸೀರೆ ಬದಲಾಯಿಸಿ, ಕುಂಕುಮ ತಿದ್ದಿಕೊಂಡು ಬಂದು ಕೂತರು. ಕಛೇರಿಗೆ ಹೋಗುವವರು ಹಾಗೇ ಹೋಗಬೇಕು ಎಂಬುದು ಅವರ ಮನಸ್ಸಿನಲ್ಲಿ ಎಂದಿನಿಂದಲೋ ಇತ್ತು. ತಂಬೂರಿಯ ಶ್ರುತಿ ಕೇಳಿಸಿತು. ವೇದಿಕೆಯ ಮೇಲಿನ ಹೂವಿನ ಅಲಂಕಾರ, ಪಿಟೀಲಿನ ಕಮಾನು, ಮೃದಂಗದವರ ಬೆರಳು ಎಲ್ಲ ಹತ್ತಿರ ಹತ್ತಿರ ಬಂದವು. ರಸ್ತೆಯಲ್ಲಿ ಕೂತ ನಾವು ಎಂದೂ ಕಾಣದಿದ್ದುದನ್ನು ಅವರು ಕಂಡರು. "ಅಯ್ಯೋ, ಆ ಹುಡುಗನ ಬೆರಳು ನೋಡೇ, ಇಷ್ಟು ಹಗುರವಾಗಿ ಬಾರಿಸ್ತಾನಲ್ಲ" ಎಂದು ಬೆರಗಾದರು. ಒಮ್ಮೆ ಕ್ಯಾಮೆರಾ ಜನರ ಕಡೆ ತಿರುಗಿ, ಮುಂದಿನ ಸಾಲುಗಳನ್ನು ಸುತ್ತಿ ಮತ್ತೆ ವೇದಿಕೆಗೆ ಮರಳಿತು. ಅತ್ತೆ ನನ್ನತ್ತ ನೋಡಿ ಕೇಳಿದರು: "ಹೊರಗೆ ಕೂತವರನ್ನ ತೋರಿಸೋದಿಲ್ಲವೇನೇ? ನಿಮ್ಮ ಮಾವ ಕೂರ್ತಿದ್ದ ಜಾಗ?"

ನನ್ನಲ್ಲಿ ಮಾತು ಹೊರಡಲಿಲ್ಲ. ಎದ್ದು ನೋಟ್‌ಬುಕ್ ತಂದು ಅವರ ಕೈಗಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, ಅವತ್ತಿನ ಕೃತಿ, ರಾಗ, ತಾಳ ಬರೆಯತೊಡಗಿದರು. ಬಲಗಡೆಯ ಅಂಕಣದಲ್ಲಿ ತಮ್ಮ ಅಭಿಪ್ರಾಯವನ್ನೂ ಬರೆದರು. ಅಲ್ಲಿಯವರೆಗೆ ಆ ಪುಸ್ತಕದಲ್ಲಿ ಅವರ ಅಕ್ಷರ ಬಿದ್ದಿರಲಿಲ್ಲ.

ಪರದೆಯ ಕಛೇರಿ ಚಪ್ಪರದ ಕಛೇರಿಗೆ ಸಮವೆಂದು ನಾನು ಹೇಳಲಾರೆ. ಘಟದ ನಾದ ನೆಲದ ಮೂಲಕ ಪಾದಕ್ಕೆ ಬರುವುದು, ಒಂದು ಸಂಗತಿಗೆ ನೂರಾರು ಜನ ಒಟ್ಟಿಗೆ 'ಆಹಾ' ಎನ್ನುವುದು, ಮಂಗಳವಾದ ಮೇಲೆ ರಸ್ತೆಯುದ್ದಕ್ಕೂ ಅದೇ ರಾಗ ಗುನುಗುತ್ತ ಚದುರುವ ಜನ, ಇದು ಟಿವಿಯಲ್ಲಿ ಸಿಕ್ಕುವುದಿಲ್ಲ. ನಮ್ಮೂರಿನ ಬೇಸಿಗೆಯಲ್ಲಿ ಕರೆಂಟು ಪಲ್ಲವಿಯ ನಡುವೆಯೇ ಹೋಗುತ್ತದೆ. ಆದರೆ ಪರದೆ ಎಂಥವರಿಗೆ ಬಾಗಿಲು ತೆರೆಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಂಡಿನೋವಿನವರು, ರೋಗಿಯ ಮಂಚದ ಪಕ್ಕ ಬಿಟ್ಟು ಏಳಲಾರದವರು, ಹಾಲು ಕರೆಯುವ ಹೊತ್ತು ತಪ್ಪಿಸಲಾರದವರು, ರಾತ್ರಿ ಒಬ್ಬರೇ ಹೊರಗೆ ಹೋಗಲು ಮನೆಯವರು ಒಪ್ಪದ ಹೆಣ್ಣುಮಕ್ಕಳು. ಇವರಲ್ಲಿ ಅನೇಕರು ಹಾಡು ಬಲ್ಲವರು, ಹಾಡಬಲ್ಲವರು. ಉತ್ಸವಗಳ ಇತಿಹಾಸ ಬರೆಯುವಾಗ ವೇದಿಕೆಯ ಮೇಲಿನವರ ಹೆಸರು ಬರುತ್ತದೆ, ಕಟ್ಟಿದವರ ಹೆಸರು ಬರುತ್ತದೆ. ಬುತ್ತಿ ಕಟ್ಟಿಕೊಟ್ಟು ಮನೆಯಲ್ಲೇ ಉಳಿದವರ ಹೆಸರು ಬರುವುದಿಲ್ಲ. ಅವರು ಮನೆ ಹಿಡಿದುಕೊಂಡಿದ್ದರಿಂದಲೇ ಉಳಿದವರು ಕಛೇರಿಗೆ ಹೋದರು.

ನಮ್ಮ ಸೀಮೆ ಬರೀ ಹೊರಗಿನದನ್ನು ಕಾಯುತ್ತ ಕೂತದ್ದೂ ಅಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮಿಗಳು ಕಟ್ಟಿದ ಶಿವಸಂಚಾರ ತಂಡ 1997ರಿಂದ ಊರೂರು ಸುತ್ತಿ ನಾಟಕ ಆಡುತ್ತಿದೆ. ಅಲ್ಲಿನ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ರೈತರು ಮಕ್ಕಳುಮರಿಗಳೊಂದಿಗೆ ಕೂತು ವಚನಗೀತೆ ಕೇಳುವುದನ್ನು ನೋಡಿದವರಿಗೆ, ಹಳ್ಳಿಯವರಿಗೆ ಶಾಸ್ತ್ರೀಯವಾದದ್ದು ಹಿಡಿಸುವುದಿಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲವೆಂದು ತಿಳಿಯುತ್ತದೆ. ಹಳ್ಳಿಯವರಿಗೆ ಬೇಕಾದದ್ದು ಹತ್ತಿರದ ಒಂದು ಜಾಗ, ಮನೆಗೆ ಮರಳಲು ಅನುಕೂಲವಾದ ಹೊತ್ತು.

ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಬೀದಿಯ ಕೆಲವರು ಸೇರಿ ಬೇಸಿಗೆಯಲ್ಲಿ ಒಂದು ಕೆಲಸ ಮಾಡುತ್ತೇವೆ. ರಾಮೋತ್ಸವದ ಸಂಜೆಗಳಲ್ಲಿ ನಮ್ಮ ಮನೆಯ ಜಗಲಿಗೆ ದೊಡ್ಡ ಪರದೆ ಕಟ್ಟಿ, ಬೆಂಗಳೂರಿನ ಕಛೇರಿ ನೇರವಾಗಿ ಬಂದರೆ ಅದನ್ನು, ಇಲ್ಲದಿದ್ದರೆ ಹಳೆಯದೊಂದನ್ನು ಹಾಕುತ್ತೇವೆ. ಮುಂದಿನ ಸಾಲು ಓಡಾಡಲಾರದವರಿಗೆ. ಅವರನ್ನು ಮನೆಯಿಂದ ಕರೆತಂದು ಮತ್ತೆ ಬಿಟ್ಟುಬರುವ ಹೊಣೆ ಕಾಲೇಜು ಹುಡುಗರದು. ಒಬ್ಬ ಹುಡುಗಿ ಈಗ ಪಿಟೀಲು ಕಲಿಯಲು ವಾರಕ್ಕೊಮ್ಮೆ ಚಿತ್ರದುರ್ಗಕ್ಕೆ ಹೋಗುತ್ತಾಳೆ. ಅದು ಶುರುವಾದದ್ದು ಆ ಜಗಲಿಯಿಂದಲೇ.

ನಮ್ಮ ನಾಲ್ಕೂ ಊರಿನ ರಾಮಮಂದಿರಗಳಿಗೆ, ಸಂಘ ಸಂಸ್ಥೆಗಳಿಗೆ ನನ್ನದೊಂದು ಕೋರಿಕೆ. ಬರುವ ಚೈತ್ರದಲ್ಲಿ ಪಾನಕ ಹಂಚುವ ಮೊದಲು, ನಿಮ್ಮ ಬೀದಿಯಲ್ಲಿ ಹಾಡು ಬಲ್ಲವರಾಗಿದ್ದೂ ಕಛೇರಿಗೆ ಹೋಗಲಾರದೆ ಉಳಿದವರು ಯಾರಿದ್ದಾರೆ ಎಂದು ವಿಚಾರಿಸಿ. ಮೊದಲ ಕುರ್ಚಿ ಅವರಿಗಿರಲಿ. ಕಛೇರಿ ಮುಗಿದ ಮೇಲೆ, ಹೇಗಿತ್ತು ಎಂದು ಅವರನ್ನೇ ಮೊದಲು ಕೇಳಿ. ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಿ.